ಆಟೋ ಅಣ್ಣನಿಗೂ ಮಾತು ಕೊಡು

ಪ್ರೀತಿಯ ತಮ್ಮಾ,

ಸೂಪರ್‌ಹೀರೋಗಳನ್ನು ಅಣಕಿಸುವ ನಿನ್ನ 'ಸದಭಿರುಚಿ ವೀರ'ನ ಕಥೆ ಓದಿದೆ. ಅವನು ಕಣ್ಣು ಬಿಟ್ಟರೆ ಸಾಕು, ಊರಿನ ಟೀವಿಗಳಲ್ಲೆಲ್ಲ ಧಾರಾವಾಹಿ ನಿಂತು ಶಾಸ್ತ್ರೀಯ ಸಂಗೀತ ಶುರು! ಕಲ್ಪನೆ ನನಗೆ ತುಂಬಾ ಹಿಡಿಸಿತು. ಆದರೆ ಅವನಿಗೆ ಎದುರು ಮಾತಾಡುವವರೇ ಇಲ್ಲವಲ್ಲ. ಧಾರಾವಾಹಿ ನೋಡುವ ಅಜ್ಜಿ, ಸಿನಿಮಾ ಹಾಡು ಹಾಕಿಕೊಂಡ ಆಟೋ ಅಣ್ಣ, ಇಬ್ಬರೂ ಸುಮ್ನೆ ಬಾಯಿ ಬಿಟ್ಟುಕೊಂಡು ನಿಂತಿದ್ದಾರೆ. ಕಥೆ ಸೊರಗಿರುವುದು ಅಲ್ಲೇ.

ಯಾವುದನ್ನು ಅಣಕಿಸುತ್ತೀಯೋ ಅದು ನಿನಗೆ ಬಾಯಿಪಾಠ ಆಗಿರಬೇಕು. ಅಮೆರಿಕದಲ್ಲಿ ಸೂಪರ್‌ಮ್ಯಾನ್ ಬಂದದ್ದು 1938ರಲ್ಲಿ. 1953ರಲ್ಲಿ 'ಮ್ಯಾಡ್' ಪತ್ರಿಕೆ 'ಸೂಪರ್‌ಡೂಪರ್‌ಮ್ಯಾನ್' ಅನ್ನುವ ಅಣಕು ಕಥೆ ಹಾಕಿತು. ಬರೆದವರು ಹಾರ್ವಿ ಕರ್ಟ್ಜ್‌ಮನ್, ಚಿತ್ರ ವಾಲಿ ವುಡ್ ಅವರದು. ಅದರ ನಾಯಕ ಕ್ಲಾರ್ಕ್ ಬೆಂಟ್ ಪತ್ರಿಕಾ ಕಚೇರಿಯಲ್ಲಿ ಪೀಕದಾನಿ ತೊಳೆಯುವ ಹುಡುಗ. ಆ ಮಹಾವೀರ ನಾನೇ ಅಂತ ಕೊನೆಗೆ ಗುಟ್ಟು ಬಿಟ್ಟುಕೊಟ್ಟರೂ ಅವನು ಮೆಚ್ಚಿದ ಹುಡುಗಿ ಕ್ಯಾರೇ ಅನ್ನುವುದಿಲ್ಲ. ನಾನು ಯಾರೆಂದು ಗೊತ್ತಾದರೆ ಅವಳು ಒಲಿದೇ ಒಲಿಯುತ್ತಾಳೆ ಅನ್ನುವ ಆಸೆ ಮೂಲ ಕಥೆಯ ಜೀವ. ಇವರು ಕೈ ಹಾಕಿದ್ದು ಅದಕ್ಕೇ. ಇಬ್ಬರೂ ಕಾಮಿಕ್ಸ್ ಮಾಡಿಯೇ ಬದುಕಿದವರು, ಅದನ್ನು ಮರೆಯಬೇಡ.

ಮರುವರ್ಷ, 1954ರಲ್ಲಿ, ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತಿವೆ ಅಂತ ಪುಸ್ತಕ ಬರೆದರು. ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಉಪಸಮಿತಿಯ ಮುಂದೆ ಸಾಕ್ಷಿಯನ್ನೂ ಹೇಳಿದರು. ಹೆದರಿದ ಪ್ರಕಾಶಕರು ತಾವೇ ಒಂದು ನಿಯಮಾವಳಿ ಹೇರಿಕೊಂಡರು. ಇದೇ ವರ್ಥಮ್ ನ್ಯೂಯಾರ್ಕ್‌ನ ಹಾರ್ಲೆಮ್ ಬಡಾವಣೆಯಲ್ಲಿ ಬಡವರಿಗಾಗಿ ಕ್ಲಿನಿಕ್ ನಡೆಸಿದವರು. ಕೆಟ್ಟವರಲ್ಲ, ಅಲ್ವಾ? ಮಕ್ಕಳ ಮೇಲಿನ ಕಾಳಜಿಯಿಂದಲೇ ಆಡಿದ ಮಾತು ಅದು. ನಿನ್ನ ವೀರನಿಗೂ ಅಂಥ ಕಾಳಜಿ ಕೊಡು. ಆಗ ಓದುಗರಿಗೆ ಅವನ ಮೇಲೆ ಪ್ರೀತಿಯೂ ಹುಟ್ಟುತ್ತದೆ, ಭಯವೂ ಆಗುತ್ತದೆ.

ಇನ್ನು ಎದುರಾಳಿ. ಯಕ್ಷಗಾನದ ಹಾಸ್ಯಗಾರನನ್ನು ಗಮನಿಸಿದ್ದೀಯಾ? ರಾಜ ಗಂಭೀರವಾಗಿ ಅರ್ಥ ಹೇಳುತ್ತಿರುತ್ತಾನೆ. ಪಕ್ಕದಲ್ಲೇ ದೂತನಾಗಿ ಬಂದ ಹಾಸ್ಯಗಾರ ಮನೆಮಾತಲ್ಲಿ ಒಂದು ಪ್ರಶ್ನೆ ಎಸೆಯುತ್ತಾನೆ. ಒಂದೇ ರಂಗಸ್ಥಳ, ಎರಡು ಬಗೆಯ ಮಾತು. ಎರಡಕ್ಕೂ ಅಲ್ಲಿ ಜಾಗ ಇದೆ. ನಿನ್ನ ಆಟೋ ಅಣ್ಣ ಹಾಗೆ ಬಾಯಿ ಬಿಡಲಿ.

ಒಂದು ಎಚ್ಚರಿಕೆ. ಅವನನ್ನು ಮೇಲೆತ್ತಬೇಕು ಅಂತ ಆ ಸಿನಿಮಾ ಹಾಡು ಯಾವ ಶಾಸ್ತ್ರೀಯ ರಾಗದ್ದು ಅಂತ ಅವನ ಬಾಯಲ್ಲಿ ಹೇಳಿಸಬೇಡ. ಹಾಗೆ ಮಾಡಿದರೆ ಗೆದ್ದದ್ದು ವೀರನೇ. ಅವನ ಅಳತೆಗೋಲಲ್ಲೇ ಪಾಪ ಇವನನ್ನೂ ಅಳೆದಂತಾಯಿತು. ರಾತ್ರಿ ಕೊನೆಯ ಬಾಡಿಗೆ ಮುಗಿಸಿ ಮನೆ ಕಡೆ ತಿರುಗಿದಾಗ ಆ ಹಾಡಿನ ಯಾವ ಸಾಲಿಗೆ ಅವನು ವಾಲ್ಯೂಮ್ ಜಾಸ್ತಿ ಮಾಡುತ್ತಾನೆ? ಅದನ್ನು ಬರೆ.

ಉಳಿದದ್ದನ್ನು ಸದ್ಯಕ್ಕೆ ಮುಟ್ಟಬೇಡ. ಸಿಗ್ನಲ್‌ನಲ್ಲಿ ವೀರ ಆಟೋ ಹತ್ತುವ ದೃಶ್ಯವನ್ನಷ್ಟೇ ಮತ್ತೆ ಬರೆದು ಕಳಿಸು. ಇಬ್ಬರೂ ಪಟ್ಟು ಬಿಡದೆ ವಾದ ಮಾಡಲಿ.

ಪ್ರೀತಿಯಿಂದ,
ನಿನ್ನ ಅಣ್ಣ