ಈಜುಕೊಳದ ದೀಪಕ್ಕೂ ಪರವಾನಗಿ ಪಡೆದವರ ಕೈಯೇ ಬೇಕು

ಮಾನ್ಯ ಸಂಪಾದಕರೇ,

ಬೆಂಗಳೂರಿನ ಹೊರವಲಯದ ವಿಲ್ಲಾಗಳಲ್ಲಿ, ಕನಕಪುರ ಮತ್ತು ದೇವನಹಳ್ಳಿ ಕಡೆಯ ತೋಟದ ಮನೆಗಳಲ್ಲಿ, ಚಿಕ್ಕಮಗಳೂರು, ಕೊಡಗಿನ ಹೋಮ್‌ಸ್ಟೇಗಳಲ್ಲಿ ಹಿಂದೆ ಕಟ್ಟಿಸಿದ ಈಜುಕೊಳಗಳ ಹ್ಯಾಲೊಜೆನ್ ದೀಪಗಳು ಕೆಟ್ಟಾಗ ಅವುಗಳ ಜಾಗಕ್ಕೆ ಎಲ್‌ಇಡಿ ದೀಪ ಕೂರಿಸುವ ಕೆಲಸವನ್ನು, ನೀರು ಶುಚಿ ಮಾಡಲು ಬರುವವರಿಗೋ ಹತ್ತಿರದ ಎಲೆಕ್ಟ್ರಿಕಲ್ ಅಂಗಡಿಯ ಹುಡುಗನಿಗೋ ಒಪ್ಪಿಸುವುದು ರೂಢಿಯಾಗಿದೆ. ಈ ರೂಢಿಗೆ ಕಾನೂನಿನ ಒಪ್ಪಿಗೆಯೂ ಇದೆ ಎಂದು ನಂಬಿರುವವರು ನಮ್ಮ ವೃತ್ತಿಯಲ್ಲೇ ಇರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ, ಗ್ರಾಹಕರ ಆವರಣದಲ್ಲಿ ವಿದ್ಯುತ್ ಅಳವಡಿಕೆ, ಮಾರ್ಪಾಡು ಮತ್ತು ದುರಸ್ತಿಯನ್ನು ರಾಜ್ಯ ಸರ್ಕಾರದ ಪರವಾನಗಿ ಪಡೆದ ಗುತ್ತಿಗೆದಾರರೇ, ಅರ್ಹತಾ ಪತ್ರವುಳ್ಳವರ ಮೇಲ್ವಿಚಾರಣೆಯಲ್ಲಿ ಮಾಡಬೇಕು. ಸಾಮರ್ಥ್ಯವಾಗಲೀ ಸ್ವರೂಪವಾಗಲೀ ಬದಲಾಗದಂತೆ ದೀಪ, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಬದಲಿಸುವುದಕ್ಕೆ ಮಾತ್ರ ವಿನಾಯಿತಿ ಇದೆ. ಹಜಾರದ ಟ್ಯೂಬ್‌ಲೈಟಿನ ಮಟ್ಟಿಗೆ ಇದು ನ್ಯಾಯವಾದ ವಿನಾಯಿತಿಯೇ. ಕೊಳದ ದೀಪವನ್ನೂ ಅದೇ ಸಾಲಿಗೆ ಸೇರಿಸಿಕೊಳ್ಳುವುದು ಮಾತ್ರ ಸರಿಯಲ್ಲ, ಏಕೆಂದರೆ ಅಲ್ಲಿ ಹಳೆಯ ದೀಪ ತೆಗೆದು ಹೊಸದನ್ನು ಕೂರಿಸಿದಾಗ ಬಹುತೇಕ ಸಲ ಇಡೀ ಸಂಪರ್ಕದ ಸ್ವರೂಪವೇ ಬೇರೆಯಾಗುತ್ತದೆ.

ಅದು ಹೇಗೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹಳೆಯ ಕೊಳಗಳಲ್ಲಿ ಸಾಮಾನ್ಯವಾಗಿರುವ 'ಪಾರ್ 56' ದೀಪ 12 ವೋಲ್ಟಿನಲ್ಲಿ 300 ವಾಟ್ ಉರಿಯುತ್ತದೆ, ಅಂದರೆ 25 ಆಂಪಿಯರ್ ಎಳೆಯುತ್ತದೆ. ಅಷ್ಟು ಕರೆಂಟ್ ಹರಿಯುವಾಗ ಉದ್ದದ ಕೇಬಲಿನಲ್ಲಿ ವೋಲ್ಟೇಜ್ ಕುಸಿಯುವುದರಿಂದ, ಅದನ್ನು ತುಂಬಿಕೊಡಲೆಂದು ಎಷ್ಟೋ ಕಡೆ, ಮನೆಯ 230 ವೋಲ್ಟನ್ನು ಇಳಿಸಿಕೊಡುವ ಟ್ರಾನ್ಸ್‌ಫಾರ್ಮರಿನ 13 ಅಥವಾ 14 ವೋಲ್ಟಿನ ಟರ್ಮಿನಲ್‌ಗೆ ತಂತಿ ಕೊಟ್ಟಿರುತ್ತಾರೆ. ಅದೇ ತಂತಿಗೆ 24 ವಾಟ್‌ನ, ಸುಮಾರು 2 ಆಂಪಿಯರ್ ಮಾತ್ರ ಎಳೆಯುವ ಎಲ್‌ಇಡಿ ಜೋಡಿಸಿದರೆ ಕುಸಿತವೇ ಇಲ್ಲದೆ ಹೆಚ್ಚಿನ ವೋಲ್ಟೇಜ್ ದೀಪಕ್ಕೆ ತಲುಪಿ, ಅದು ಬೇಗ ಸುಟ್ಟುಹೋಗಬಹುದು. ಟರ್ಮಿನಲ್ ಬದಲಿಸಿ, ಮೀಟರ್ ಹಿಡಿದು ಅಳೆದರೆ ಮುಗಿಯುವ ತೊಂದರೆ ಇದು. ಆದರೆ ಎರಡನೆಯ ದೀಪವೂ ಸುಟ್ಟಾಗ ಮನೆಯವರಿಗೆ ಸಿಗುವ ಸಲಹೆ ಬೇರೆಯೇ ಆಗಿರುತ್ತದೆ: "ಈ ಟ್ರಾನ್ಸ್‌ಫಾರ್ಮರ್ ರಗಳೆಯೇ ಬೇಡ, ನೇರವಾಗಿ 230 ವೋಲ್ಟಿನ ದೀಪ ಹಾಕಿಬಿಡೋಣ."

ನಿಜವಾದ ಅಪಾಯ ಆರಂಭವಾಗುವುದು ಇಲ್ಲಿಂದ. ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗದ 60364 ಮಾನದಂಡದಲ್ಲಿ ಈಜುಕೊಳಗಳಿಗೆಂದೇ ಇರುವ 702ನೇ ಭಾಗವು, ಜನ ನೀರಿನಲ್ಲಿರುವಾಗ ಕೊಳದೊಳಗೆ ಬಳಕೆಯಲ್ಲಿರುವ ಉಪಕರಣಕ್ಕೆ ಎಸಿಯಾದರೆ 12 ವೋಲ್ಟ್, ಡಿಸಿಯಾದರೆ 30 ವೋಲ್ಟ್ ಮೀರಕೂಡದೆಂದು ಹೇಳುತ್ತದೆ. ಆ 12 ವೋಲ್ಟ್ ಕೂಡ ಎರಡು ಸುರುಳಿಗಳ ನಡುವೆ ವಿದ್ಯುತ್ ಸಂಪರ್ಕವೇ ಇಲ್ಲದ ಸುರಕ್ಷತಾ ಟ್ರಾನ್ಸ್‌ಫಾರ್ಮರಿನಿಂದ ಬರಬೇಕು. ಒಂದೇ ಸುರುಳಿಯ ಆಟೋಟ್ರಾನ್ಸ್‌ಫಾರ್ಮರ್ 12 ವೋಲ್ಟನ್ನೇ ಕೊಟ್ಟರೂ ಅದು ಇಲ್ಲಿಗೆ ಸಲ್ಲದು. ಆರ್‌ಸಿಸಿಬಿ (ಸೋರಿಕೆ ಕಂಡೊಡನೆ ವಿದ್ಯುತ್ ಕಡಿಯುವ ಸಾಧನ) ಇದೆಯಲ್ಲ ಎಂದು ಧೈರ್ಯ ಹೇಳುವವರಿಗೆ ಒಂದು ಮಾತು: 30 ಮಿಲಿಆಂಪಿಯರಿನ ಆ ಸಾಧನ ಅಗತ್ಯವೇ ಸರಿ, ಆದರೆ ಟ್ರಾನ್ಸ್‌ಫಾರ್ಮರಿನಾಚೆಗಿನ 12 ವೋಲ್ಟಿನ ಭಾಗದ ಸೋರಿಕೆ ಅದರ ಅರಿವಿಗೆ ಬರುವುದಿಲ್ಲ. ಅಲ್ಲಿ ಕಾಯುವುದು ವೋಲ್ಟೇಜಿನ ಕಡಿಮೆ ಮಟ್ಟವೇ ಹೊರತು ಆರ್‌ಸಿಸಿಬಿಯಲ್ಲ. ಅಮೆರಿಕದ ಮನೆಗಳ ಕೊಳಗಳಲ್ಲಿ 120 ವೋಲ್ಟಿನ ದೀಪಗಳಿಗೆ ಅನುಮತಿಯಿದೆ, ಅದಕ್ಕೆ ಅಲ್ಲಿನ ಸಂಹಿತೆ ವಿಧಿಸುವ ಕಟ್ಟುಪಾಡುಗಳೂ ಬಹಳ. ಆ ದೇಶದ ವಿಡಿಯೊ ನೋಡಿಕೊಂಡು ನಮ್ಮ 230 ವೋಲ್ಟಿನ ಮನೆಯಲ್ಲಿ ಕೆಲಸ ಮಾಡಿಸುವವರಿಗೆ ಕಟ್ಟುಪಾಡುಗಳಾವುವೂ ಕಣ್ಣಿಗೆ ಬೀಳುವುದಿಲ್ಲ.

ದೀಪ ಬದಲಿಸಲು ಕೊಳ ಬರಿದು ಮಾಡಬೇಕೆಂಬುದೂ ಸಾಮಾನ್ಯವಾಗಿ ಅನಗತ್ಯ. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.25 ಮೀಟರ್ ಆಳದ ಕೊಳವೆಂದರೆ 40 ಸಾವಿರ ಲೀಟರ್ ನೀರು. 2024ರ ಬೇಸಿಗೆಯಲ್ಲಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನೇ ಜಲಮಂಡಳಿ ನಿಷೇಧಿಸಬೇಕಾಗಿ ಬಂದ ಬೆಂಗಳೂರಿನಲ್ಲಿ ಒಂದು ದೀಪಕ್ಕಾಗಿ ಅಷ್ಟನ್ನು ಚರಂಡಿಗೆ ಬಿಡುವುದು ಶೋಭಿಸದು. ಗೋಡೆಯ ಗೂಡಿನೊಳಗೆ ಕೂರುವ ಈ ದೀಪಗಳ ಹಿಂದೆ ಹೆಚ್ಚುವರಿ ಕೇಬಲನ್ನು ಸುತ್ತಿಟ್ಟಿರುತ್ತಾರೆ. ಮುಖ್ಯ ಸ್ವಿಚ್ ಆರಿಸಿ, ಅದನ್ನು ಯಾರೂ ಮತ್ತೆ ಹಾಕದಂತೆ ಬೀಗ ಹಾಕಿ, ಮೇಲಿನ ಸ್ಕ್ರೂ ಬಿಚ್ಚಿದರೆ ದೀಪವನ್ನು ಕೊಳದ ದಂಡೆಗೇ ಎತ್ತಿಕೊಳ್ಳಬಹುದು. ಗೂಡಿನಲ್ಲಿ ನೀರು ತುಂಬಿರುವುದು ದೋಷವಲ್ಲ, ಅದರ ವಿನ್ಯಾಸವೇ ಹಾಗೆ. ಕೇಬಲ್ ಹಾದುಬರುವ ಕೊಳವೆಯಲ್ಲೂ ಕೊಳದ ಮಟ್ಟದವರೆಗೆ ನೀರಿರುತ್ತದೆ. ಈ ಕಾರಣದಿಂದಲೇ ಕೇಬಲಿನ ಜೋಡಣೆ ನೀರಿನ ಮಟ್ಟಕ್ಕಿಂತ ಮೇಲಿರುವ ಜಂಕ್ಷನ್ ಪೆಟ್ಟಿಗೆಯಲ್ಲೇ ಆಗಬೇಕು. ಕೇಬಲನ್ನು ಗೂಡಿನ ಬಳಿ ಕತ್ತರಿಸಿ, ಹೊಸ ದೀಪದ ತುಂಡು ಕೇಬಲಿಗೆ ಗಂಟುಹಾಕಿ ಟೇಪ್ ಸುತ್ತಿ ನೀರಿಗಿಳಿಸುವುದನ್ನು ನಾನು ಕೆಲಸವೆಂದು ಕರೆಯಲಾರೆ. ಹಳೆಯ ಕೇಬಲಿನ ತುದಿಗೆ ಹೊಸದನ್ನು ಕಟ್ಟಿ ಕೊಳವೆಯೊಳಗಿನಿಂದ ಎಳೆದುಕೊಳ್ಳುವುದಕ್ಕೆ ಅರ್ಧ ದಿನ ಹೆಚ್ಚು ಹಿಡಿದೀತು, ಅಷ್ಟೆ. ದೀಪವನ್ನು ಬಿಚ್ಚಿ ಒಳಗಿನ ಬಲ್ಬ್ ಮಾತ್ರ ಬದಲಿಸಿದ್ದರೆ ರಬ್ಬರ್ ಗ್ಯಾಸ್ಕೆಟ್ ಹೊಸದೇ ಆಗಿರಬೇಕು. ಕೊನೆಗೆ ಮೆಗ್ಗರ್ ಹಿಡಿದು ಇನ್ಸುಲೇಷನ್ ಪರೀಕ್ಷಿಸಿ, ಏಣಿ, ಕಂಬಿ, ಪಂಪಿನ ಲೋಹದ ಭಾಗಗಳು ಒಂದಕ್ಕೊಂದು ಭೂಸಂಪರ್ಕದ ತಂತಿಯಿಂದ ಬೆಸೆದಿವೆಯೇ ಎಂದು ನೋಡದೆ ಯಾರನ್ನೂ ನೀರಿಗಿಳಿಸಬಾರದು.

2023ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ವರ್ತೂರು ಕಡೆಯ ಅಪಾರ್ಟ್‌ಮೆಂಟೊಂದರ ಕೊಳದಲ್ಲಿ ಬಾಲಕಿಯೊಬ್ಬಳು ತೀರಿಕೊಂಡು, ವಿದ್ಯುದಾಘಾತದ ಆರೋಪದ ಮೇಲೆ ಬಂಧನಗಳಾದದ್ದನ್ನು ಓದುಗರು ಮರೆತಿರಲಾರರು. ನೀರಿನಲ್ಲಿ ಹರಿಯುವ ಕರೆಂಟ್ ಸ್ನಾಯುಗಳನ್ನು ಬಿಗಿಹಿಡಿಯುವುದರಿಂದ ಈಜು ಬಲ್ಲವರೂ ಕೈಕಾಲು ಆಡಿಸಲಾಗದೆ ಮುಳುಗುತ್ತಾರೆ. ಮೈಮೇಲೆ ಸುಟ್ಟ ಗಾಯ ಕಾಣದಿದ್ದರೆ ಸಾಮಾನ್ಯ ಮುಳುಗುಸಾವೆಂದೇ ದಾಖಲಾಗುವ ಸಾಧ್ಯತೆಯೂ ಇದೆ.

ಆದ್ದರಿಂದ ಈಜುಕೊಳ ಮತ್ತು ಕಾರಂಜಿಗಳ ದೀಪ ಬದಲಾವಣೆ ಮೇಲೆ ಹೇಳಿದ ವಿನಾಯಿತಿಗೆ ಒಳಪಡುವುದಿಲ್ಲವೆಂದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ ಕನ್ನಡದಲ್ಲೇ ಒಂದು ಸ್ಪಷ್ಟ ಸುತ್ತೋಲೆ ಹೊರಡಿಸಬೇಕು. ಕೊಳವಿರುವ ಹೋಮ್‌ಸ್ಟೇಗಳ ನೋಂದಣಿ ನವೀಕರಿಸುವಾಗ ಪರವಾನಗಿ ಪಡೆದ ಗುತ್ತಿಗೆದಾರರ ಸಹಿಯುಳ್ಳ ಪರೀಕ್ಷಾ ವರದಿಯನ್ನು ಪ್ರವಾಸೋದ್ಯಮ ಇಲಾಖೆ ಕೇಳಿ ಪಡೆಯಬೇಕು. ಮನೆಯವರು ಸುತ್ತೋಲೆಗೆ ಕಾಯಬೇಕಾಗಿಲ್ಲ. ದೀಪ ಕೊಳ್ಳುವ ಮೊದಲು ಅದರ ಪೆಟ್ಟಿಗೆಯ ಮೇಲಿನ ವೋಲ್ಟೇಜನ್ನು, ಕೆಲಸ ಒಪ್ಪಿಸುವ ಮೊದಲು ಬಂದವರ ಪರವಾನಗಿಯನ್ನು ಕೇಳಿ ನೋಡಲಿ.

ಇತಿ,
ಪರವಾನಗಿ ಪಡೆದ ಒಬ್ಬ ವಿದ್ಯುತ್ ಗುತ್ತಿಗೆದಾರ,
ಮೈಸೂರು