ಮನೆಗಳ ಮಧ್ಯೆ ರಾತ್ರಿಯಿಡೀ ಹೋಟೆಲ್ ಬೇಡ

ಸಂಪಾದಕರಿಗೆ ನಮಸ್ಕಾರ,

ಚಿಕ್ಕಮಗಳೂರಲ್ಲಿ ನಮ್ಮ ಬೀದಿ ಮೂಲೆ ಸೈಟಲ್ಲಿ 24 ಗಂಟೆ ತೆಗೆದಿರೋ ಫಾಸ್ಟ್‌ಫುಡ್ ಹೋಟೆಲ್ ಬರ್ತಿದೆ, ಬೋರ್ಡೂ ಹಾಕಾಯ್ತು, ಅಕ್ಕಪಕ್ಕದವ್ರನ್ನ ಒಂದ್ ಮಾತು ಕೇಳಿಲ್ಲ. ವ್ಯಾಪಾರಕ್ಕೆ ನಮ್ಮ ತಕರಾರಿಲ್ಲ, ರಾತ್ರಿ ಹತ್ತರವರೆಗೆ ನಡೆಸ್ಲಿ, ನಾವೂ ಹೋಗಿ ತಿಂತೀವಿ. ಆದ್ರೆ ವೀಕೆಂಡ್ ಬಂತಂದ್ರೆ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗೆ ಹೊರಟ ಬೈಕು ಕಾರುಗಳು ಬೆಳಕು ಹರಿಯೋ ಮುಂಚೆನೇ ಊರೊಳಗೆ ಬಂದಿರ್ತವೆ, ಬೆಟ್ಟದ ದಾರೀಲಿರೋ ಕೈಮರ ಚೆಕ್‌ಪೋಸ್ಟ್ ದಾಟೋಕೆ ಬಿಡೋವರೆಗೆ ಇವ್ರೆಲ್ಲ ಎಲ್ಲಿ ನಿಲ್ತಾರೆ ಹೇಳಿ, ಲೈಟ್ ಉರೀತಿರೋ ಹೋಟೆಲ್ ಮುಂದೆನೇ, ಅಂದ್ರೆ ನಮ್ಮ ಗೇಟ್ ಮುಂದೆ. ಸೈಲೆನ್ಸರ್ ಸದ್ದು, ಹಾರ್ನು, ಕಾರಿನ ಡೋರ್ ತೆಗೆದಿಟ್ಟು ಹಾಡು. ಎಕ್ಸಾಸ್ಟ್ ಫ್ಯಾನಿನ ಬಾಯಿ ಪಕ್ಕದ ಮನೆ ಮಲಗೋ ರೂಮಿನ ಕಿಟಕಿಗೇ ಇಟ್ಟಿದ್ದಾರೆ, ಅಲ್ಲಿರೋ ಅಜ್ಜಿಗೆ ಉಬ್ಬಸ, ಕರಿದ ಎಣ್ಣೆ ಹೊಗೆ ಕುಡ್ಕೊಂಡು ಅವ್ರು ಹೇಗೆ ಮಲಗ್ಬೇಕು? ಮೂಳೆ ಚೂರಿಗೆ ಬರೋ ನಾಯಿಗಳ ಕಥೆ ಬೇರೆ.

10 ಅಥವಾ ಹೆಚ್ಚು ಜನ ಕೆಲಸ ಮಾಡೋ ಅಂಗಡಿ 24 ಗಂಟೆ ತೆಗೀಬಹುದು ಅಂತ ಸರ್ಕಾರ 2021ರಲ್ಲಿ ಆದೇಶ ಮಾಡಿದ್ದು ನಿಜ. ಆದ್ರೆ 2000ದ ಶಬ್ದ ಮಾಲಿನ್ಯ ನಿಯಮ ಎಲ್ಲೂ ಹೋಗಿಲ್ವಲ್ಲ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ 45 ಡೆಸಿಬಲ್ ದಾಟಬಾರ್ದು ಅಂತ ಅದ್ರಲ್ಲೇ ಇದೆ. ನಗರಸಭೆಯವ್ರು ಲೈಸೆನ್ಸ್ ಕೊಡೋ ಮುಂಚೆ ಒಂದ್ಸಲ ಜಾಗಕ್ಕೆ ಬಂದು ನೋಡ್ಲಿ, ರಾತ್ರಿ ಹತ್ತಕ್ಕೆ ಬಾಗಿಲು ಹಾಕೋ ಷರತ್ತು ಹಾಕ್ಲಿ, ಆ ಎಕ್ಸಾಸ್ಟ್ ಪೈಪನ್ನ ಮೊದ್ಲು ತಿರುಗಿಸ್ಲಿ.

ಇಂತಿ,
ಬೀದಿಯ ನಿವಾಸಿಗಳ ಪರವಾಗಿ ಒಬ್ಬ ಓದುಗ, ಚಿಕ್ಕಮಗಳೂರು