ಹಣ್ಣು ಕೊಯ್ಯುವ ಬೆರಳು

ಮೂಡಿಗೆರೆ

ಚಿ. ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ತೋಟದ ಖರ್ಚಿನ ಪುಸ್ತಕ ನೋಡಿದೆ. ಗೊಬ್ಬರ, ಡೀಸೆಲ್ ಎಲ್ಲ ಚೆನ್ನಾಗಿ ಬರೆದಿದ್ದೀಯ. ಆದರೆ ಆಳುಗಳಿರುವ ಲೈನ್ ಮನೆಗಳ ನೀರಿನ ಡ್ರಮ್ಮಿಗೆ ಮುಚ್ಚಳ, ಅಡಿಕೆ ಹಾಳೆ ಎತ್ತಿಸುವ ಕೂಲಿ, ಇವೆರಡನ್ನೂ ಹೊಡೆದು ಹಾಕಿದ್ದೀಯ. ಚಿಕುನ್‌ಗುನ್ಯಾ, ಡೆಂಗಿ ತರುವ ಸೊಳ್ಳೆ ಹುಟ್ಟದಿರಲಿ ಅಂತ ಮಾಡುವ ಖರ್ಚು ಅವು. ಅದಕ್ಕೇ ಈ ಪತ್ರ.

2006ರಲ್ಲಿ ನೀನಿನ್ನೂ ಚಿಕ್ಕವನು. ಆ ವರ್ಷ ಕರ್ನಾಟಕದಲ್ಲಿ 7 ಲಕ್ಷಕ್ಕೂ ಜಾಸ್ತಿ ಜನರಿಗೆ ಚಿಕುನ್‌ಗುನ್ಯಾ ಬಂದಿರಬಹುದು ಅಂತ ಸರ್ಕಾರವೇ ಲೆಕ್ಕ ಕೊಟ್ಟಿತ್ತು. ನಮ್ಮ ಲೈನಿಗೂ ಬಂತು. ಜ್ವರ ವಾರದಲ್ಲಿ ಬಿಟ್ಟಿತು, ಕೀಲುನೋವು ಬಿಡಲಿಲ್ಲ. ಅರೇಬಿಕಾ ಹಣ್ಣಾದಾಗಲೂ ಕೆಲವರಿಗೆ ಬೆರಳು ಮಡಚಲು ಆಗುತ್ತಿರಲಿಲ್ಲ. ಕಾಫಿ ಕೊಯ್ಯುವುದು ಬೆರಳಿನ ಕೆಲಸ, ಅಲ್ವಾ? ಹೊರಗಿನ ಆಳು ಕರೆಸೋಣ ಅಂದರೆ ಅಕ್ಕಪಕ್ಕದ ತೋಟಗಳಲ್ಲೂ ಅದೇ ಗೋಳು. ಹಣ್ಣು ಗಿಡದಲ್ಲೇ ಒಣಗಿ ನೆಲಕ್ಕೆ ಬಿತ್ತು.

ನಮಗಾದ ನಷ್ಟ ಅಷ್ಟೇ. ಲೈನಿನ ಒಬ್ಬಾಕೆ ಓಲೆ ಅಡವಿಟ್ಟಳು. ಬಡ್ಡಿ ಬೆಳೆದು ಓಲೆಯೇ ಹೋಯಿತು. ಮಗಳನ್ನು ಶಾಲೆ ಬಿಡಿಸಿದಳು, ಆ ಹುಡುಗಿ ಮತ್ತೆ ಶಾಲೆಗೆ ಹೋಗಲೇ ಇಲ್ಲ. ನಾನು ಮುಂಗಡ ಕೊಟ್ಟಿದ್ದೆ, ಆಮೇಲೆ ಕೂಲಿಯಲ್ಲಿ ಹಿಡಿದುಕೊಂಡೆ. ಹಿಡಿಯಬಾರದಿತ್ತು ಮಗು. ಇವತ್ತಿಗೂ ಅದು ಮನಸ್ಸಿಗೆ ಚುಚ್ಚುತ್ತದೆ.

ಡೆಂಗಿಯೂ ಹೀಗೇ. 2024ರಲ್ಲಿ ಸರ್ಕಾರ ಖಾಸಗಿ ಲ್ಯಾಬುಗಳ ಪರೀಕ್ಷೆ ದರಕ್ಕೆ ಮಿತಿ ಹಾಕಿತು, ಒಳ್ಳೆಯದೇ ಆಯಿತು. ಆದರೆ ಪರೀಕ್ಷೆ ಸಣ್ಣ ಖರ್ಚು. ಹಾಸನಕ್ಕೋ ಮಂಗಳೂರಿಗೋ ಬಾಡಿಗೆ ಕಾರು, ಪ್ಲೇಟ್‌ಲೆಟ್ ನೋಡಲು ಮತ್ತೆ ಮತ್ತೆ ರಕ್ತ, ಜೊತೆಗೆ ಕೂತವರ ಕೂಲಿಯೂ ಹೋಯಿತು. ಒಬ್ಬರು ಮಲಗಿದರೆ ಇಬ್ಬರ ದುಡಿಮೆ ನಿಲ್ಲುತ್ತದೆ. ಅದನ್ನು ಯಾವ ಬಿಲ್ಲಿನಲ್ಲೂ ಬರೆಯುವುದಿಲ್ಲ.

ವಾರಕ್ಕೊಮ್ಮೆ ಒಂದು ಗಂಟೆ, ಕೂಲಿ ಕೊಟ್ಟೇ, ನಿಂತ ನೀರು ಚೆಲ್ಲಿಸು. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಡ್ರಮ್ಮಿನ ಒಳಮೈ ತಿಕ್ಕಿಸು. ಸುಮ್ನೆ ನೀರು ಚೆಲ್ಲಿದರೆ ಆಗದು, ಅಂಟಿಕೊಂಡ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಬಿದ್ದ ಹಾಳೆಯಲ್ಲಿ ಮಳೆನೀರು ನಿಲ್ಲದಂತೆ ಮಗುಚಿಸು. ಈ ಸೊಳ್ಳೆ ಹಗಲಲ್ಲೇ ಕಚ್ಚುವುದು, ಮಧ್ಯಾಹ್ನ ಮಲಗುವ ಕೂಸುಗಳಿಗೆ ಪರದೆ ಕೊಡಿಸು. ಜ್ವರ ಬಂದವರಿಗೆ ಯಾವ್ಯಾವುದೋ ನೋವಿನ ಮಾತ್ರೆ ನುಂಗಿಸಬೇಡ, ಡೆಂಗಿಯಾಗಿದ್ದರೆ ರಕ್ತಸ್ರಾವದ ಭಯ. ಮಲಗಿದವರಿಗೆ ಅರ್ಧ ಕೂಲಿಯಾದರೂ ಕೊಡು. ಸಾಲ ಅಂತ ಬರೆದುಕೊಳ್ಳಬೇಡ.

ಡ್ರಮ್ಮುಗಳ ಬಾಯಿಯ ಅಳತೆ ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಇದೆ. ಈ ವಾರವೇ ಮುಚ್ಚಳ ತರಿಸು. ಮಳೆ ಶುರುವಾಗಿದೆ.

ಇಂತಿ,
ನಿನ್ನ ದೊಡ್ಡಪ್ಪ